ಕರಾವಳಿಯಿಂದ ಕಾನೂನು ಪದವಿಗೆ: ಪ್ರವೇಶದ ಅರ್ಜಿ ಹಾಕುವ ಕ್ರಮ

ದಕ್ಷಿಣ ಕನ್ನಡ ಮತ್ತು ಉಡುಪಿ ಜಿಲ್ಲೆಗಳ ಹೆಚ್ಚಿನ ಮನೆಗಳಲ್ಲಿ ಕಾನೂನು ಓದುವ ಮಾತು ಬರುವುದು ಪಿಯುಸಿ ಫಲಿತಾಂಶ ಬಂದು, ಸಿಇಟಿ ಹಾಗೂ ನೀಟ್‌ಗಳ ಲೆಕ್ಕಾಚಾರವೆಲ್ಲ ಮುಗಿದ ಮೇಲೆ. ಅಷ್ಟರಲ್ಲಿ ಕಾನೂನು ಪದವಿಯ ಎರಡು ದಾರಿಗಳಲ್ಲಿ ಒಂದು ಆ ವರ್ಷದ ಮಟ್ಟಿಗೆ ಮುಚ್ಚಿಹೋಗಿ ತಿಂಗಳುಗಳೇ ಕಳೆದಿರುತ್ತವೆ. ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳ ಪ್ರವೇಶ ಪರೀಕ್ಷೆಯಾದ ಕ್ಲಾಟ್‌ಗೆ ಅರ್ಜಿ ಕರೆಯುವುದು ದ್ವಿತೀಯ ಪಿಯುಸಿ ತರಗತಿಗಳು ನಡೆಯುತ್ತಿರುವ ಮಳೆಗಾಲದಲ್ಲಿ. ಅರ್ಜಿಯ ಗಡುವು ಮುಗಿಯುವುದು ದೀಪಾವಳಿಯ ಆಸುಪಾಸಿನಲ್ಲಿ. ಪರೀಕ್ಷೆ ನಡೆಯುವುದು ಡಿಸೆಂಬರ್ ತಿಂಗಳ ಒಂದು ಭಾನುವಾರ. ಇನ್ನೊಂದು ದಾರಿ ನಮ್ಮ ರಾಜ್ಯದ ಕಾನೂನು ಕಾಲೇಜುಗಳದ್ದು. ಅಲ್ಲಿ ಪಿಯುಸಿ ಅಥವಾ ಪದವಿಯ ಅಂಕಗಳೇ ಆಧಾರವಾಗಿರುವುದರಿಂದ ಫಲಿತಾಂಶದ ಬಳಿಕವೇ ಅರ್ಜಿ ಸ್ವೀಕರಿಸುತ್ತಾರೆ. ಈ ಎರಡನ್ನೂ ಬಲ್ಲವರು ಎರಡಕ್ಕೂ ಅರ್ಜಿ ಹಾಕುತ್ತಾರೆ. ಒಂದನ್ನಷ್ಟೇ ಬಲ್ಲವರು ಸಿಕ್ಕಿದ್ದಕ್ಕೆ ಒಪ್ಪಿಕೊಳ್ಳಬೇಕಾಗುತ್ತದೆ.

ಊರಿನ ಕಾಲೇಜು ಎಂದರೆ ಕ್ಲಾಟ್ ಕೈತಪ್ಪಿದವರಿಗೆ ಉಳಿದ ಜಾಗ ಎಂಬ ಮಾತು ಇತ್ತೀಚೆಗೆ ಕೋಚಿಂಗ್ ಕೇಂದ್ರಗಳ ಸುತ್ತಮುತ್ತ ಕೇಳಿಬರುತ್ತದೆ. ಮಂಗಳೂರು, ಉಡುಪಿ, ಕುಂದಾಪುರ, ಪುತ್ತೂರುಗಳ ನ್ಯಾಯಾಲಯಗಳಲ್ಲಿಯೇ ವಕೀಲಿ ವೃತ್ತಿ ನಡೆಸಬೇಕೆಂದಿರುವ ವಿದ್ಯಾರ್ಥಿಯ ಮಟ್ಟಿಗೆ ಆ ಮಾತಿನಲ್ಲಿ ಹುರುಳಿಲ್ಲವೆಂದು ನನ್ನ ಅಭಿಪ್ರಾಯ. ಓದುವ ಕಾಲದಲ್ಲಿಯೇ ಹಿರಿಯ ವಕೀಲರ ಕಚೇರಿಗೆ ಹೋಗಿ ಕಡತ ನೋಡುವ, ಕೋರ್ಟಿನ ಕಲಾಪಕ್ಕೆ ಕಿವಿಗೊಡುವ ಅನುಕೂಲ ಊರಿನಲ್ಲಿ ಓದುವವರಿಗೆ ಹೆಚ್ಚು. ದೊಡ್ಡ ಕಾರ್ಪೊರೇಟ್ ಕಾನೂನು ಸಂಸ್ಥೆಗಳಲ್ಲಿ ಕೆಲಸ ಬೇಕೆನ್ನುವವರ ಲೆಕ್ಕ ಬೇರೆ; ಅವರು ಕ್ಲಾಟ್ ಅನ್ನು ಗಂಭೀರವಾಗಿಯೇ ತೆಗೆದುಕೊಳ್ಳಬೇಕು.

ಐದು ವರ್ಷವೋ, ಮೂರು ವರ್ಷವೋ

ಅರ್ಜಿಗಿಂತ ಮೊದಲು ತೀರ್ಮಾನವಾಗಬೇಕಾದ ವಿಷಯ ಇದು. ಪಿಯುಸಿ ಮುಗಿಸಿದವರಿಗೆ ಬಿ.ಎ. ಎಲ್‌ಎಲ್‌.ಬಿ., ಬಿ.ಕಾಂ. ಎಲ್‌ಎಲ್‌.ಬಿ., ಬಿಬಿಎ ಎಲ್‌ಎಲ್‌.ಬಿ. ಮುಂತಾದ ಐದು ವರ್ಷಗಳ ಸಂಯೋಜಿತ ಕೋರ್ಸುಗಳಿವೆ. ಯಾವುದಾದರೂ ಪದವಿ ಮುಗಿಸಿದವರಿಗೆ ಮೂರು ವರ್ಷಗಳ ಎಲ್‌ಎಲ್‌.ಬಿ. ಇದೆ. ಪಿಯುಸಿಯಲ್ಲಿ ಕಲೆ, ವಾಣಿಜ್ಯ, ವಿಜ್ಞಾನ ಯಾವುದನ್ನು ಓದಿದ್ದರೂ ಅಡ್ಡಿಯಿಲ್ಲ. ವಕೀಲರಾಗಿ ನೋಂದಾಯಿಸಿಕೊಳ್ಳುವಾಗ ಈ ಎರಡು ಬಗೆಯ ಪದವಿಗಳಿಗೂ ಸಮಾನ ಬೆಲೆ. ವ್ಯತ್ಯಾಸವಿರುವುದು ಕಾಲದಲ್ಲಿ: ಪಿಯುಸಿಯ ನಂತರ ಒಂದು ದಾರಿಗೆ ಐದು ವರ್ಷ, ಇನ್ನೊಂದಕ್ಕೆ ಪದವಿಯೂ ಸೇರಿ ಆರು ವರ್ಷ.

ಒಂದು ವರ್ಷದ ಉಳಿತಾಯಕ್ಕಾಗಿಯೇ ಹದಿನೇಳರ ಹುಡುಗ ಹುಡುಗಿಯರನ್ನು ಐದು ವರ್ಷದ ಕೋರ್ಸಿಗೆ ಸೇರಿಸುವ ಮೊದಲು ಪಾಲಕರು ಎರಡು ಬಾರಿ ಯೋಚಿಸುವುದು ಒಳ್ಳೆಯದು, ಏಕೆಂದರೆ ಕಾನೂನು ಕೋರ್ಸುಗಳಲ್ಲಿ ನಡುವೆ ಸೇರುವುದಕ್ಕೂ ನಡುವೆ ಒಂದು ಪದವಿ ಪಡೆದು ಹೊರಬರುವುದಕ್ಕೂ ಭಾರತೀಯ ವಕೀಲರ ಪರಿಷತ್ತು, ಅಂದರೆ ಬಾರ್ ಕೌನ್ಸಿಲ್ ಆಫ್ ಇಂಡಿಯಾ, 2008ರ ಕಾನೂನು ಶಿಕ್ಷಣ ನಿಯಮಗಳಲ್ಲಿ ಅವಕಾಶ ಕೊಟ್ಟಿಲ್ಲ. ಮೂರನೆಯ ವರ್ಷದಲ್ಲಿ ಬೇಸರ ಬಂದು ಬಿಟ್ಟವರಿಗೆ ಬಿ.ಎ. ಪದವಿಯೂ ಕೈಗೆ ಸಿಗುವುದಿಲ್ಲ. ಕಾನೂನನ್ನೇ ಓದಬೇಕೆಂಬ ಹಂಬಲ ಮಗುವಿನಲ್ಲಿ ನಿಜವಾಗಿಯೂ ಇದ್ದರೆ ಐದು ವರ್ಷದ ಕೋರ್ಸು ಸರಿ. ವೈದ್ಯಕೀಯ ಸೀಟು ಸಿಗಲಿಲ್ಲ, ಹಾಗಾಗಿ ಇದಾದರೂ ಆಗಲಿ ಎಂಬ ಮನಸ್ಸಿದ್ದರೆ ಮೊದಲು ಒಂದು ಪದವಿ ಮುಗಿಸಿ ಆಮೇಲೆ ಮೂರು ವರ್ಷದ ಎಲ್‌ಎಲ್‌.ಬಿ.ಗೆ ಬರುವುದು ಹೆಚ್ಚು ಕ್ಷೇಮ.

ನ್ಯಾಯಾಧೀಶರಾಗುವ ಗುರಿಯುಳ್ಳವರು ಇನ್ನೊಂದು ಲೆಕ್ಕವನ್ನೂ ಹಾಕಿಕೊಳ್ಳಬೇಕು. ಸಿವಿಲ್ ನ್ಯಾಯಾಧೀಶರ ಪ್ರವೇಶ ಹಂತದ ಹುದ್ದೆಗೆ ಕನಿಷ್ಠ ಮೂರು ವರ್ಷಗಳ ವಕೀಲಿ ಅನುಭವ ಬೇಕೆಂಬ ಷರತ್ತನ್ನು ಸುಪ್ರೀಂ ಕೋರ್ಟು 2025ರ ಮೇ ತಿಂಗಳಲ್ಲಿ ಮತ್ತೆ ಜಾರಿಗೆ ತಂದಿತು. ಆ ಅನುಭವವನ್ನು ವಕೀಲರಾಗಿ ತಾತ್ಕಾಲಿಕ ನೋಂದಣಿ ಪಡೆದ ದಿನದಿಂದ ಎಣಿಸಬಹುದೆಂದೂ ಹೇಳಿತು. ಪದವಿ ಮುಗಿದ ಕೂಡಲೇ ನೇರವಾಗಿ ನ್ಯಾಯಾಂಗ ಸೇವೆಯ ಪರೀಕ್ಷೆ ಬರೆಯಬಹುದೆಂಬ ಹಳೆಯ ಸಲಹೆಯನ್ನು ನಂಬಿ ಕೋರ್ಸು ಆರಿಸಬಾರದು.

ವಯಸ್ಸಿನ ಬಗ್ಗೆ ಕೇಳುವವರು ಬಹಳ. 2008ರ ನಿಯಮಗಳು ಐದು ವರ್ಷದ ಕೋರ್ಸಿಗೆ 20 ಹಾಗೂ ಮೂರು ವರ್ಷದ ಕೋರ್ಸಿಗೆ 30 ವರ್ಷಗಳ ಮೇಲ್ಮಿತಿಯನ್ನು ಹಾಕಿದ್ದವು. ಅದನ್ನು ಮತ್ತೆ ಜಾರಿಗೆ ತರುವ ಪರಿಷತ್ತಿನ ಸುತ್ತೋಲೆಗೆ 2017ರಲ್ಲಿ ಸುಪ್ರೀಂ ಕೋರ್ಟು ತಡೆ ನೀಡಿತು. ಕ್ಲಾಟ್‌ಗೂ ಗರಿಷ್ಠ ವಯೋಮಿತಿಯಿಲ್ಲ. ಬ್ಯಾಂಕಿನಿಂದ ನಿವೃತ್ತರಾದವರು ಮೂರು ವರ್ಷದ ಎಲ್‌ಎಲ್‌.ಬಿ.ಗೆ ಸೇರುವುದು ಬ್ಯಾಂಕುಗಳ ತವರಾದ ನಮ್ಮ ಜಿಲ್ಲೆಗಳಲ್ಲಿ ಅಚ್ಚರಿಯ ಸಂಗತಿಯೇನಲ್ಲ.

ಅಂಕಗಳ ಲೆಕ್ಕ

ಪರಿಷತ್ತಿನ ನಿಯಮದಂತೆ ಸಾಮಾನ್ಯ ವರ್ಗದವರಿಗೆ ಅರ್ಹತಾ ಪರೀಕ್ಷೆಯಲ್ಲಿ, ಅಂದರೆ ಪಿಯುಸಿ ಅಥವಾ ಪದವಿಯಲ್ಲಿ, ಒಟ್ಟು ಶೇ 45, ಇತರೆ ಹಿಂದುಳಿದ ವರ್ಗದವರಿಗೆ ಶೇ 42, ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡದವರಿಗೆ ಶೇ 40 ಅಂಕಗಳು ಬೇಕು. ನಮ್ಮ ದ್ವಿತೀಯ ಪಿಯುಸಿಯ 600 ಅಂಕಗಳಿಗೆ ಇದನ್ನು ಹೊಂದಿಸಿದರೆ ಕ್ರಮವಾಗಿ 270, 252 ಮತ್ತು 240 ಆಗುತ್ತದೆ. ಇದು ಅರ್ಜಿ ಹಾಕುವುದಕ್ಕೆ ಬೇಕಾದ ಕನಿಷ್ಠವೇ ಹೊರತು ಸೀಟು ಸಿಗುವ ಭರವಸೆಯಲ್ಲ. ಬೇಡಿಕೆ ಹೆಚ್ಚಿರುವ ಕಾಲೇಜುಗಳಲ್ಲಿ ಆಯ್ಕೆಪಟ್ಟಿ ಇದಕ್ಕಿಂತ ಬಹಳ ಮೇಲೆ ನಿಲ್ಲುತ್ತದೆ. ಗಡಿಯ ಆಚೀಚೆ ಇರುವವರು ರಿಯಾಯಿತಿ ಸಿಗಬಹುದೆಂದು ಕಾಯುವ ಬದಲು, ಪರೀಕ್ಷಾ ಮಂಡಳಿ ಈಗ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳನ್ನು ನಡೆಸುತ್ತಿರುವುದರಿಂದ, ಪರೀಕ್ಷೆ-2 ಬರೆದು ಅಂಕ ಹೆಚ್ಚಿಸಿಕೊಳ್ಳುವುದು ಜಾಣತನ.

ಪದವಿಯ ನಂತರ ಬರುವವರು ಎಲ್ಲ ಸೆಮಿಸ್ಟರುಗಳ ಅಂಕಪಟ್ಟಿಗಳನ್ನು ಒಟ್ಟುಗೂಡಿಸಿ ಶೇಕಡಾವಾರು ತೋರಿಸಬೇಕು. ಅಂಕಪಟ್ಟಿಯಲ್ಲಿ ಸಿಜಿಪಿಎ ಮಾತ್ರ ಇದ್ದರೆ ಅದನ್ನು ಶೇಕಡಾವಾರಿಗೆ ಪರಿವರ್ತಿಸುವ ಸೂತ್ರವನ್ನು ಸ್ವಂತ ಅಂದಾಜಿನಿಂದ ಬಳಸದೆ, ಪದವಿ ಕೊಟ್ಟ ವಿಶ್ವವಿದ್ಯಾಲಯದಿಂದಲೇ ಲಿಖಿತವಾಗಿ ಪಡೆದಿಟ್ಟುಕೊಳ್ಳಬೇಕು.

ದೂರಶಿಕ್ಷಣದ ಕುರಿತು ಗೊಂದಲ ಬಹಳ. ಹತ್ತನೆಯ ತರಗತಿ, ಪಿಯುಸಿ ಮುಗಿಸಿ, ಆಮೇಲೆ ಅಂಚೆ ಅಥವಾ ದೂರಶಿಕ್ಷಣದ ಮೂಲಕ ಪದವಿ ಪಡೆದವರು ಮೂರು ವರ್ಷದ ಕೋರ್ಸಿಗೆ ಅರ್ಹರು. ಪಿಯುಸಿಯನ್ನೇ ಓದದೆ ಮುಕ್ತ ವಿಶ್ವವಿದ್ಯಾಲಯಕ್ಕೆ ನೇರವಾಗಿ ಸೇರಿ ಪದವಿ ಪಡೆದವರು ಅರ್ಹರಲ್ಲ. ಆದರೆ ಎಲ್‌ಎಲ್‌.ಬಿ. ಪದವಿಯನ್ನೇ ದೂರಶಿಕ್ಷಣದಲ್ಲಿ ಕೊಡುತ್ತೇವೆಂದು ಯಾರಾದರೂ ಹೇಳಿದರೆ ಆ ಮಾತನ್ನು ಅಲ್ಲಿಗೇ ನಿಲ್ಲಿಸಿ. ಅಂಥ ಪದವಿಯಿಂದ ವಕೀಲರಾಗಿ ನೋಂದಾಯಿಸಿಕೊಳ್ಳಲು ಸಾಧ್ಯವಿಲ್ಲ.

ಕ್ಲಾಟ್ ದಾರಿ

ಬೆಂಗಳೂರಿನ ನಾಗರಭಾವಿಯಲ್ಲಿರುವ ರಾಷ್ಟ್ರೀಯ ಕಾನೂನು ಶಾಲೆಯೂ ಸೇರಿದಂತೆ ಇಪ್ಪತ್ತಕ್ಕೂ ಹೆಚ್ಚು ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳ ಐದು ವರ್ಷದ ಕೋರ್ಸುಗಳಿಗೆ ಕ್ಲಾಟ್ ಒಂದೇ ಪರೀಕ್ಷೆ. ದೆಹಲಿಯ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯ ಮಾತ್ರ ಐಲೆಟ್ ಎಂಬ ತನ್ನದೇ ಪರೀಕ್ಷೆಯನ್ನು ನಡೆಸುತ್ತದೆ. ಕ್ಲಾಟ್‌ಗೆ ಅರ್ಜಿ ಸಲ್ಲಿಸುವುದು ಈ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳ ಒಕ್ಕೂಟದ ಜಾಲತಾಣದಲ್ಲಿ ಮಾತ್ರ. ಸೈಬರ್ ಕೇಂದ್ರದವರ ಮೊಬೈಲ್ ಸಂಖ್ಯೆ ಮತ್ತು ಇಮೇಲ್ ಕೊಟ್ಟು ಖಾತೆ ತೆರೆದವರಿಗೆ ಮುಂದೆ ಪ್ರವೇಶಪತ್ರ, ಕೌನ್ಸೆಲಿಂಗ್ ಸಂದೇಶ ಯಾವುದೂ ತಲುಪುವುದಿಲ್ಲವಾದ್ದರಿಂದ ಸ್ವಂತ ಸಂಖ್ಯೆಯನ್ನೇ ಕೊಡಬೇಕು. ಇತ್ತೀಚಿನ ವರ್ಷಗಳಲ್ಲಿ ಅರ್ಜಿ ಶುಲ್ಕ ಸಾಮಾನ್ಯ ವರ್ಗಕ್ಕೆ 4,000 ರೂಪಾಯಿ, ಪರಿಶಿಷ್ಟರಿಗೆ ಮತ್ತು ಬಡತನ ರೇಖೆಗಿಂತ ಕೆಳಗಿರುವವರಿಗೆ 3,500 ರೂಪಾಯಿ ಇದೆ. ಕ್ಲಾಟ್ ಮುಗಿದ ಮೇಲೆ ಬರುವ ಮಾರ್ಚ್ ಅಥವಾ ಏಪ್ರಿಲ್‌ನಲ್ಲಿ ಪಿಯುಸಿ ಪರೀಕ್ಷೆ ಬರೆಯಲಿರುವವರೂ ಅರ್ಜಿ ಹಾಕಬಹುದು.

ಪ್ರಶ್ನೆಪತ್ರಿಕೆಯಲ್ಲಿ 120 ಪ್ರಶ್ನೆಗಳು, ಎರಡು ಗಂಟೆಯ ಸಮಯ. ಸರಿಯುತ್ತರಕ್ಕೆ ಒಂದು ಅಂಕ, ತಪ್ಪಿದರೆ ಕಾಲು ಅಂಕ ಕಡಿತ. ಇಂಗ್ಲಿಷ್ ಭಾಷೆ, ಸಾಮಾನ್ಯ ಜ್ಞಾನವೂ ಸೇರಿದ ಪ್ರಚಲಿತ ವಿದ್ಯಮಾನ, ಕಾನೂನು ತರ್ಕ, ಸಾಮಾನ್ಯ ತರ್ಕ, ಗಣಿತದ ಮೂಲ ಕೌಶಲ ಎಂಬ ಐದು ವಿಭಾಗಗಳಿವೆ. ಗಣಿತದ ಹೆದರಿಕೆಯಿಂದ ಅರ್ಜಿಯನ್ನೇ ಹಾಕದ ಕಲಾ ವಿಭಾಗದ ವಿದ್ಯಾರ್ಥಿಗಳು ಗಮನಿಸಬೇಕು: ಆ ವಿಭಾಗದಲ್ಲಿ ಬರುವುದು 10ರಿಂದ 14 ಪ್ರಶ್ನೆಗಳಷ್ಟೇ, ಅದೂ ಹತ್ತನೆಯ ತರಗತಿಯ ಮಟ್ಟದ್ದು. ಪರೀಕ್ಷೆಯ ನಿಜವಾದ ಕಷ್ಟವಿರುವುದು ಓದಿನ ವೇಗದಲ್ಲಿ. ಪ್ರತಿ ಪ್ರಶ್ನೆಗುಚ್ಛಕ್ಕೂ ಮೊದಲು ಒಂದು ದೀರ್ಘ ಇಂಗ್ಲಿಷ್ ಪರಿಚ್ಛೇದ ಇರುತ್ತದೆ; ಕಾನೂನು ತರ್ಕದ ವಿಭಾಗಕ್ಕೂ ಕಾನೂನಿನ ಮುನ್ನರಿವು ಬೇಕಿಲ್ಲ, ಕೊಟ್ಟ ತತ್ತ್ವವನ್ನು ಕೊಟ್ಟ ಪ್ರಸಂಗಕ್ಕೆ ಅನ್ವಯಿಸಿ ನೋಡಿದರೆ ಸಾಕು. ಕನ್ನಡ ಮಾಧ್ಯಮದಲ್ಲಿ ಓದಿದವರು ಇದಕ್ಕಾಗಿ ಪ್ರಥಮ ಪಿಯುಸಿಯಿಂದಲೇ ದಿನವೂ ಇಂಗ್ಲಿಷ್ ಪತ್ರಿಕೆಯ ಸಂಪಾದಕೀಯ ಪುಟ ಓದುವ ಅಭ್ಯಾಸ ಮಾಡಿಕೊಂಡರೆ, ಕೊನೆಯ ಮೂರು ತಿಂಗಳ ದುಬಾರಿ ಕೋಚಿಂಗ್‌ಗಿಂತ ಅದು ಹೆಚ್ಚು ಕೈಹಿಡಿಯುತ್ತದೆ.

ಅರ್ಜಿಯಲ್ಲಿ ನಮ್ಮ ರಾಜ್ಯದವರು ಗಮನವಿಟ್ಟು ತುಂಬಬೇಕಾದ ಎರಡು ಅಂಕಣಗಳಿವೆ. ಮೊದಲನೆಯದು, ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯಲ್ಲಿ ಕರ್ನಾಟಕದ ವಿದ್ಯಾರ್ಥಿಗಳಿಗೆ ಇರುವ ಶೇ 25ರ ಸಮತಲ ಮೀಸಲಾತಿ, ಅಂದರೆ ಎಲ್ಲ ವರ್ಗಗಳ ಸೀಟುಗಳ ಒಳಗೂ ಅನ್ವಯವಾಗುವ ಮೀಸಲಾತಿ. ಕರ್ನಾಟಕದ ಮಾನ್ಯತೆ ಪಡೆದ ಶಾಲಾ ಕಾಲೇಜುಗಳಲ್ಲಿ ಕನಿಷ್ಠ 10 ವರ್ಷ ಓದಿದವರು ಇದಕ್ಕೆ ಅರ್ಹರು. ಮಾತೃಭಾಷೆ ಅಥವಾ ಹುಟ್ಟಿದ ಊರು ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ, ಓದಿದ ವರ್ಷಗಳು ಬರುತ್ತವೆ. ಆದ್ದರಿಂದ ಮುಂಬೈಯಲ್ಲಿ ಶಾಲೆ ಮುಗಿಸಿ ಪಿಯುಸಿಗೆ ಮಾತ್ರ ಉಡುಪಿಗೆ ಬಂದ ವಿದ್ಯಾರ್ಥಿಗೆ ಈ ಸೌಲಭ್ಯ ಸಿಗದು. ಕಾರ್ಕಳದ ಸರ್ಕಾರಿ ಶಾಲೆಯಲ್ಲಿ ಓದಿದ ವಲಸೆ ಕಾರ್ಮಿಕರ ಮಗುವಿಗೆ ಸಿಗುತ್ತದೆ. ಎರಡನೆಯದು ಹಿಂದುಳಿದ ವರ್ಗದ ಅಂಕಣ. ರಾಜ್ಯದ ಪ್ರವರ್ಗ 1, 2ಎ, 2ಬಿ, 3ಎ, 3ಬಿ ಪಟ್ಟಿಯೂ ಕೇಂದ್ರದ ಹಿಂದುಳಿದ ವರ್ಗಗಳ ಪಟ್ಟಿಯೂ ಒಂದೇ ಅಲ್ಲ. ರಾಜ್ಯದ ಪ್ರಮಾಣಪತ್ರ ಕೈಯಲ್ಲಿದೆಯೆಂದು ಕೇಂದ್ರದ ಅಂಕಣದಲ್ಲಿ ಗುರುತು ಹಾಕಿ, ಆಮೇಲೆ ಸೀಟು ಹಂಚಿಕೆಯ ಹೊತ್ತಿಗೆ ದಾಖಲೆ ಕೊಡಲಾಗದೆ ಅವಕಾಶ ಕಳೆದುಕೊಳ್ಳುವ ಪ್ರಸಂಗ ಇಲ್ಲಿಯೇ ಹುಟ್ಟುವುದು. ಸಮುದಾಯದ ಹೆಸರು ಕೇಂದ್ರದ ಪಟ್ಟಿಯಲ್ಲಿದೆಯೇ ಎಂದು ಮೊದಲು ನೋಡಿ, ಇದ್ದರೆ ಕೇಂದ್ರದ ನಮೂನೆಯಲ್ಲಿ ಕೆನೆಪದರಕ್ಕೆ ಸೇರಿಲ್ಲವೆಂಬ ಪ್ರಮಾಣಪತ್ರವನ್ನು ತಹಶೀಲ್ದಾರರಿಂದ ಪಡೆಯಬೇಕು.

ಫಲಿತಾಂಶ ಬಂದ ಮೇಲೆ ಕೌನ್ಸೆಲಿಂಗ್‌ಗೆ ಪ್ರತ್ಯೇಕವಾಗಿ ನೋಂದಾಯಿಸಿ, ವಿಶ್ವವಿದ್ಯಾಲಯಗಳನ್ನು ಆದ್ಯತೆಯ ಕ್ರಮದಲ್ಲಿ ಜೋಡಿಸಬೇಕು. ಈ ಹಂತದ ನೋಂದಣಿ ಶುಲ್ಕವೂ ಹತ್ತಾರು ಸಾವಿರ ರೂಪಾಯಿಗಳಷ್ಟಿರುವುದರಿಂದ ಮನೆಯಲ್ಲಿ ಆ ಹಣದ ಏರ್ಪಾಡು ಮೊದಲೇ ಆಗಿರಲಿ. ದೂರದ ರಾಜ್ಯದ, ಹೆಸರು ಕೇಳದ ವಿಶ್ವವಿದ್ಯಾಲಯಗಳನ್ನೂ ಪಟ್ಟಿ ತುಂಬಿಸಲೆಂದು ಸೇರಿಸಬಾರದು. ನಿಜವಾಗಿಯೂ ಹೋಗಿ ಓದುವ ಮನಸ್ಸಿರುವ ಕಡೆಗಳನ್ನು ಮಾತ್ರ ಬರೆಯಬೇಕು. ಸೀಟು ಹಂಚಿಕೆ ಯಾವಾಗಲೂ ಹೇಳಿದ ದಿನಕ್ಕೆ ಮುಗಿಯುತ್ತದೆಂದು ನಂಬಿ ಕುಳಿತುಕೊಳ್ಳುವಂತೆಯೂ ಇಲ್ಲ. 2024ರ ಡಿಸೆಂಬರ್‌ನಲ್ಲಿ ನಡೆದ ಕ್ಲಾಟ್‌ನ ಕೆಲವು ಉತ್ತರಗಳ ವಿವಾದ ದೆಹಲಿ ಹೈಕೋರ್ಟಿಗೂ ಅಲ್ಲಿಂದ ಸುಪ್ರೀಂ ಕೋರ್ಟಿಗೂ ಹೋಗಿ, 2025ರ ಮೇ ತಿಂಗಳವರೆಗೆ ಎಳೆಯಿತು. ಊರಿನ ಕಾಲೇಜಿನ ಅರ್ಜಿಯನ್ನು ಸಕಾಲಕ್ಕೆ ಹಾಕಿಡಬೇಕೆನ್ನುವುದು ಇದಕ್ಕಾಗಿಯೇ.

ಊರಿನ ಕಾಲೇಜುಗಳು

1956ರ ನವೆಂಬರ್ 1ರವರೆಗೆ ನಮ್ಮ ಜಿಲ್ಲೆ ಮದ್ರಾಸ್ ರಾಜ್ಯದಲ್ಲಿತ್ತು; ಕಾನೂನು ಓದಬೇಕೆಂದವರು ಮದ್ರಾಸಿನಂಥ ದೂರದ ನಗರಗಳಿಗೆ ಹೋಗಬೇಕಿತ್ತು. ಮರುವರ್ಷ, 1957ರಲ್ಲಿ, ಉಡುಪಿಯಲ್ಲಿ ಕಾನೂನು ಕಾಲೇಜು ಆರಂಭವಾಯಿತು. ಇಂದು ಅದು ಉಡುಪಿಯಿಂದ ಮಣಿಪಾಲಕ್ಕೆ ಹೋಗುವ ದಾರಿಯಲ್ಲಿ ಕುಂಜಿಬೆಟ್ಟಿನಲ್ಲಿರುವ ವೈಕುಂಠ ಬಾಳಿಗಾ ಕಾನೂನು ಕಾಲೇಜು. ಮಂಗಳೂರಿನ ಶ್ರೀ ಧರ್ಮಸ್ಥಳ ಮಂಜುನಾಥೇಶ್ವರ ಕಾನೂನು ಕಾಲೇಜು, ಅಂದರೆ ಎಲ್ಲರೂ ಹೇಳುವ ಎಸ್‌ಡಿಎಂ ಲಾ ಕಾಲೇಜು, 1974ರದ್ದು. ಪುತ್ತೂರಿನಲ್ಲಿ ವಿವೇಕಾನಂದ ಕಾನೂನು ಕಾಲೇಜು, ಸುಳ್ಯದಲ್ಲಿ ಕೆವಿಜಿ ಕಾನೂನು ಕಾಲೇಜು ಇವೆ. ಇವೆಲ್ಲ ಹುಬ್ಬಳ್ಳಿಯ ನವನಗರದಲ್ಲಿರುವ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯಕ್ಕೆ ಸಂಯೋಜನೆಗೊಂಡಿವೆ. 2009ರಲ್ಲಿ ಸ್ಥಾಪನೆಯಾದ ಈ ವಿಶ್ವವಿದ್ಯಾಲಯವೇ ಪಠ್ಯಕ್ರಮವನ್ನು ನಿಗದಿಪಡಿಸುತ್ತದೆ, ಪರೀಕ್ಷೆ ನಡೆಸುತ್ತದೆ, ಪದವಿ ಕೊಡುತ್ತದೆ. ಹೀಗಾಗಿ ಮಂಗಳೂರಿನಲ್ಲಿ ಓದಿದರೂ ಸುಳ್ಯದಲ್ಲಿ ಓದಿದರೂ ಪದವಿ ಪತ್ರ ಒಂದೇ ವಿಶ್ವವಿದ್ಯಾಲಯದ್ದು. ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯುವ ಅವಕಾಶವಿರುವುದು ಕನ್ನಡ ಮಾಧ್ಯಮದಿಂದ ಬಂದವರಿಗೆ ದೊಡ್ಡ ಅನುಕೂಲ; ಆದರೂ ಹೈಕೋರ್ಟು, ಸುಪ್ರೀಂ ಕೋರ್ಟುಗಳ ತೀರ್ಪುಗಳ ಭಾಷೆ ಇಂಗ್ಲಿಷೇ ಆಗಿರುವುದರಿಂದ ಓದನ್ನು ಎರಡೂ ಭಾಷೆಗಳಲ್ಲಿ ನಡೆಸಬೇಕಾಗುತ್ತದೆ.

ವಿಶ್ವವಿದ್ಯಾಲಯ ಪ್ರವೇಶ ಪ್ರಕಟಣೆ ಹೊರಡಿಸಿದ ಮೇಲೆ ಕಾಲೇಜುಗಳು ತಮ್ಮ ಅರ್ಜಿ ನಮೂನೆಗಳನ್ನು ಕೊಡುತ್ತವೆ. ಐದು ವರ್ಷದ ಕೋರ್ಸಿನ ಪ್ರಕ್ರಿಯೆ ಸಾಮಾನ್ಯವಾಗಿ ಮುಂಗಾರಿನ ಆರಂಭಕ್ಕೆ ಶುರುವಾಗುತ್ತದೆ. ಮೂರು ವರ್ಷದ್ದು ಪದವಿ ಫಲಿತಾಂಶಗಳನ್ನು ಕಾಯಬೇಕಿರುವುದರಿಂದ ತಡ. ಐದು ವರ್ಷದ ಕೋರ್ಸಿನ ಸರ್ಕಾರಿ ಕೋಟಾದ ಸೀಟುಗಳನ್ನು ಕರ್ನಾಟಕ ಪರೀಕ್ಷಾ ಪ್ರಾಧಿಕಾರ, ಅಂದರೆ ಕೆಇಎ, ಹಂಚಿದ ವರ್ಷಗಳೂ ಇರುವುದರಿಂದ ಕಾಲೇಜಿನ ಸೂಚನಾ ಫಲಕದ ಜೊತೆಗೆ ಪ್ರಾಧಿಕಾರದ ಜಾಲತಾಣವನ್ನೂ ಮೇ ತಿಂಗಳಿನಿಂದಲೇ ನೋಡುತ್ತಿರಬೇಕು. ಒಂದೇ ಕಾಲೇಜಿಗೆ ಅರ್ಜಿ ಹಾಕಿ ಕಾಯುವುದಕ್ಕಿಂತ, ದಿನವೂ ಹೋಗಿಬರಲು ಸಾಧ್ಯವಿರುವ ಎರಡು ಕಾಲೇಜುಗಳಿಗೆ ಹಾಕುವುದು ಒಳ್ಳೆಯದು. ಕಾಪು, ಪಡುಬಿದ್ರಿ ಕಡೆಯವರಿಗೆ ಮಂಗಳೂರೂ ಉಡುಪಿಯೂ ಬಸ್ಸಿನ ಅಳತೆಯಲ್ಲಿಯೇ ಇವೆ.

ಇಲ್ಲಿ ಹೇಳದ ಯಾವುದೇ ಕಾಲೇಜಿಗೆ, ಅದರಲ್ಲಿಯೂ ಹೊಸದಕ್ಕೆ ಸೇರುವ ಮೊದಲು, ಆ ಕಾಲೇಜಿಗೆ ಮಾತ್ರವಲ್ಲ, ನೀವು ಸೇರಲಿರುವ ಕೋರ್ಸಿಗೂ ವಕೀಲರ ಪರಿಷತ್ತಿನ ಅನುಮೋದನೆ ಇದೆಯೇ, ಅದು ಯಾವ ಶೈಕ್ಷಣಿಕ ವರ್ಷದವರೆಗೆ ಎಂಬುದನ್ನು ಕೇಳಿ ಪತ್ರವನ್ನು ಕಣ್ಣಾರೆ ನೋಡಬೇಕು. ಪರಿಷತ್ತಿನ ಜಾಲತಾಣದಲ್ಲಿ ಅನುಮೋದಿತ ಕಾಲೇಜುಗಳ ಪಟ್ಟಿಯಿದೆ. ಅನುಮೋದನೆಯ ಅರ್ಜಿ ಪರಿಶೀಲನೆಯಲ್ಲಿದೆ ಎಂಬ ಉತ್ತರ ಬಂದರೆ ಶುಲ್ಕ ಕಟ್ಟಬಾರದು. 2025ರ ಆಗಸ್ಟ್‌ನಲ್ಲಿ ಪರಿಷತ್ತು ಹೊಸ ಕಾನೂನು ಕಾಲೇಜುಗಳ ಆರಂಭಕ್ಕೆ ಮೂರು ವರ್ಷಗಳ ತಡೆ ಹಾಕಿರುವುದೂ ನೆನಪಿನಲ್ಲಿರಲಿ.

ಕಾಗದಪತ್ರಗಳು

ಅರ್ಜಿಗಳು ಸಿಕ್ಕಿಹಾಕಿಕೊಳ್ಳುವುದು ಹೆಚ್ಚಾಗಿ ಅಂಕಗಳಲ್ಲಲ್ಲ, ಹೆಸರುಗಳಲ್ಲಿ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಮನೆಹೆಸರಿನ ಮೊದಲಕ್ಷರ, ಆಧಾರ್‌ನಲ್ಲಿ ತಂದೆಯ ಹೆಸರು, ಪಡಿತರ ಚೀಟಿಯಲ್ಲಿ ತಾಯಿಯ ಕುಲನಾಮ ಹೀಗೆ ಒಬ್ಬರೇ ಮೂರು ಹೆಸರುಗಳಲ್ಲಿ ಕಾಣಿಸಿಕೊಳ್ಳುವುದು ತಾಯಿಯ ಕಡೆಯಿಂದ ವಂಶ ಎಣಿಸುವ ಅಳಿಯಸಂತಾನದ ಹಿನ್ನೆಲೆಯಿರುವ ತುಳುನಾಡಿನಲ್ಲಿ ಸಾಮಾನ್ಯ. ತಾಯಿ ಶೆಟ್ಟಿ, ತಂದೆ ಹೆಗ್ಡೆ, ಮಗ ಶೆಟ್ಟಿ ಎಂಬುದು ಇಲ್ಲಿಯವರಿಗೆ ಸಹಜವಾಗಿ ಕಂಡರೂ ಹೊರಗಿನ ಪರಿಶೀಲನಾಧಿಕಾರಿಗೆ ಅದು ಪ್ರಶ್ನೆಯಾಗಿಯೇ ಕಾಣುತ್ತದೆ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯ ಹೆಸರನ್ನೇ ಮೂಲವೆಂದು ಹಿಡಿದು, ಆಧಾರ್ ಮೊದಲಾದವುಗಳನ್ನು ಅದಕ್ಕೆ ಸರಿಹೊಂದಿಸಿಕೊಳ್ಳುವುದು ಸುಲಭದ ಕ್ರಮ. ಅಂಕಪಟ್ಟಿಯಲ್ಲಿಯೇ ತಪ್ಪಿದ್ದರೆ ಓದಿದ ಪ್ರೌಢಶಾಲೆಯ ಮುಖ್ಯೋಪಾಧ್ಯಾಯರ ಮೂಲಕ ಪರೀಕ್ಷಾ ಮಂಡಳಿಗೆ ಅರ್ಜಿ ಸಲ್ಲಿಸಬೇಕು. ಇದಕ್ಕೆ ಸಮಯ ಹಿಡಿಯುವುದರಿಂದ ಪ್ರಥಮ ಪಿಯುಸಿಯಲ್ಲಿರುವಾಗಲೇ ಮಾಡಿ ಮುಗಿಸಬೇಕು. ತಂದೆಯ ಹೆಸರಿನ ಕಾಗುಣಿತವೂ ಎಲ್ಲ ಕಡೆ ಒಂದೇ ಇದೆಯೇ ಎಂದು ನೋಡಿ.

ಸಾಮಾನ್ಯವಾಗಿ ಬೇಕಾಗುವವು ಇವು: ಎಸ್‌ಎಸ್‌ಎಲ್‌ಸಿ ಮತ್ತು ಪಿಯುಸಿ ಅಂಕಪಟ್ಟಿಗಳು, ಮೂರು ವರ್ಷದ ಕೋರ್ಸಿಗಾದರೆ ಎಲ್ಲ ಸೆಮಿಸ್ಟರುಗಳ ಅಂಕಪಟ್ಟಿಗಳ ಜೊತೆಗೆ ಪದವಿ ಪ್ರಮಾಣಪತ್ರ ಅಥವಾ ತಾತ್ಕಾಲಿಕ ಪ್ರಮಾಣಪತ್ರ, ಕೊನೆಗೆ ಓದಿದ ಸಂಸ್ಥೆಯ ವರ್ಗಾವಣೆ ಪತ್ರ, ನಡತೆ ಪ್ರಮಾಣಪತ್ರ, ಆಧಾರ್, ಮೀಸಲಾತಿ ಕೇಳುವವರಿಗೆ ಜಾತಿ ಮತ್ತು ಆದಾಯ ಪ್ರಮಾಣಪತ್ರ, ಭಾವಚಿತ್ರಗಳು. ಅಂಕಪಟ್ಟಿಗಳನ್ನು ಡಿಜಿಲಾಕರ್‌ನಿಂದಲೂ ಪಡೆಯಬಹುದಾದರೂ ಸೇರುವ ದಿನ ಮೂಲಪ್ರತಿಗಳನ್ನು ಕೇಳುತ್ತಾರೆ. ಜೂನ್, ಜುಲೈಯ ಮಳೆಯಲ್ಲಿ ಬಸ್ಸು ಹತ್ತಿಳಿಯುವವರು ಅವನ್ನು ಬಟ್ಟೆಯ ಚೀಲದಲ್ಲಿ ಒಯ್ಯಬಾರದೆಂದು ಹೇಳುವ ಅಗತ್ಯ ಈ ಜಿಲ್ಲೆಗಳ ಓದುಗರಿಗೆ ಇರಲಾರದು.

ಜಾತಿ ಮತ್ತು ಆದಾಯ ಪ್ರಮಾಣಪತ್ರಕ್ಕೆ ಹೋಬಳಿಯ ನಾಡಕಚೇರಿಯಲ್ಲಿ, ಗ್ರಾಮ ಒನ್ ಕೇಂದ್ರದಲ್ಲಿ ಅಥವಾ ಜಾಲತಾಣದಲ್ಲಿ ಅರ್ಜಿ ಹಾಕಬಹುದು. ಅರ್ಜಿ ಗ್ರಾಮ ಆಡಳಿತ ಅಧಿಕಾರಿ, ಕಂದಾಯ ನಿರೀಕ್ಷಕರ ಪರಿಶೀಲನೆ ದಾಟಿ ಬರಬೇಕಿರುವುದರಿಂದ, ಇಡೀ ತಾಲೂಕಿನ ವಿದ್ಯಾರ್ಥಿಗಳು ಒಟ್ಟಿಗೆ ಬರುವ ಮೇ, ಜೂನ್ ತಿಂಗಳವರೆಗೆ ಕಾಯದೆ ಬೇಸಗೆ ರಜೆಗೆ ಮೊದಲೇ ಕೊಡುವುದು ಲೇಸು. ಪ್ರಮಾಣಪತ್ರದ ಮೇಲಿನ ಆರ್‌ಡಿ ಸಂಖ್ಯೆಯನ್ನು ಪ್ರತ್ಯೇಕವಾಗಿ ಬರೆದಿಟ್ಟುಕೊಳ್ಳಿ. ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್, ಅಂದರೆ ಎಸ್‌ಎಸ್‌ಪಿಯಲ್ಲಿ ಅದೇ ಸಂಖ್ಯೆಯನ್ನು ಕೇಳುತ್ತಾರೆ. ಆದಾಯ ಪ್ರಮಾಣಪತ್ರದ ಅವಧಿ ಐದು ವರ್ಷ. ಪಿಯುಸಿಗೆ ಸೇರುವಾಗ ಕೊಟ್ಟದ್ದರ ಅವಧಿ ಇನ್ನೂ ಇದೆಯೇ ಎಂದು ದಿನಾಂಕ ನೋಡಿಕೊಳ್ಳದವರಿಗೆ ಕೊನೆಯ ಗಳಿಗೆಯಲ್ಲಿ ಓಡಾಟ ತಪ್ಪದು. ತಂದೆ ಗಲ್ಫ್‌ನಲ್ಲಿರುವ ಮನೆಗಳಲ್ಲಿ, ಅವರ ಸಹಿ ಬೇಕಿರುವ ಘೋಷಣಾಪತ್ರಗಳನ್ನು ಅವರು ರಜೆಯಲ್ಲಿ ಊರಿಗೆ ಬಂದಾಗಲೇ ಸಿದ್ಧಪಡಿಸಿಕೊಳ್ಳಬೇಕು.

ಕಾಸರಗೋಡಿನ ಕೇರಳ ಹೈಯರ್ ಸೆಕೆಂಡರಿ, ಮುಂಬೈಯ ಎಚ್‌ಎಸ್‌ಸಿ, ಸಿಬಿಎಸ್‌ಇ ಅಥವಾ ಐಎಸ್‌ಸಿ ಮುಗಿಸಿ ಬರುವವರು ತಮ್ಮ ಮಂಡಳಿಯಿಂದ ವಲಸೆ ಪ್ರಮಾಣಪತ್ರವನ್ನು ತರಬೇಕು. ಕಾನೂನು ವಿಶ್ವವಿದ್ಯಾಲಯದ ಅರ್ಹತಾ ಪ್ರಮಾಣಪತ್ರದ ಬಗೆಗೂ ಕಾಲೇಜಿನ ಕಚೇರಿಯಲ್ಲಿ ಮೊದಲ ದಿನವೇ ವಿಚಾರಿಸಬೇಕು. ಮಂಜೇಶ್ವರದಿಂದ ಮಂಗಳೂರಿಗೆ ಬಸ್ಸಿನಲ್ಲಿ ಬಂದುಹೋಗುವ ವಿದ್ಯಾರ್ಥಿಗೆ ಗಡಿ ದಾಟಿದ್ದೇ ತಿಳಿಯದಿರಬಹುದು, ಆದರೆ ಕಡತದಲ್ಲಿ ಆತ ಹೊರರಾಜ್ಯದವನೇ. ಕೇರಳದ ಜಾತಿ ಪ್ರಮಾಣಪತ್ರದಿಂದ ಕರ್ನಾಟಕದ ಪ್ರವರ್ಗದ ಮೀಸಲಾತಿ ಸಿಗುತ್ತದೆಂದು ಎಣಿಸಿ ಅರ್ಜಿ ತುಂಬಬಾರದು.

ನಮೂನೆ ತುಂಬುವುದು, ಶುಲ್ಕ ಕಟ್ಟುವುದು

ನಮೂನೆಯಲ್ಲಿ ಎಲ್ಲ ವಿಷಯಗಳ ಅಂಕಗಳನ್ನೂ ಭಾಷೆಗಳನ್ನೂ ಸೇರಿಸಿ ಅಂಕಪಟ್ಟಿಯಲ್ಲಿ ಇರುವಂತೆಯೇ ಬರೆಯಬೇಕು. ಪಿಯುಸಿಯ ಬಳಿಕ ನಡುವೆ ವರ್ಷ ಕಳೆದಿದ್ದರೆ ಆ ಕಾಲದಲ್ಲಿ ಏನು ಮಾಡುತ್ತಿದ್ದಿರೆಂಬ ಘೋಷಣೆಯನ್ನು ಜೊತೆಗಿಡುವುದು ವಾಡಿಕೆ. ವಕೀಲರ ಪರಿಷತ್ತು 2024ರಲ್ಲಿ ಹೊರಡಿಸಿದ ಸೂಚನೆಯಂತೆ ಕಾನೂನು ವಿದ್ಯಾರ್ಥಿಗಳು ತಮ್ಮ ಮೇಲೆ ಕ್ರಿಮಿನಲ್ ಪ್ರಕರಣಗಳಿದ್ದರೆ ಅದನ್ನೂ, ಏಕಕಾಲದಲ್ಲಿ ಇನ್ನೊಂದು ನಿಯಮಿತ ಪದವಿ ಓದುತ್ತಿದ್ದರೆ ಅದನ್ನೂ, ಉದ್ಯೋಗದಲ್ಲಿದ್ದರೆ ಅದನ್ನೂ ತಿಳಿಸಬೇಕು. ಉದ್ಯೋಗಿಗಳು ನೌಕರಿ ಕೊಟ್ಟವರಿಂದ ನಿರಾಕ್ಷೇಪಣಾ ಪತ್ರ ತರಬೇಕು. ಸಹಕಾರಿ ಸಂಘಗಳಲ್ಲಿ, ಬ್ಯಾಂಕುಗಳಲ್ಲಿ ಇದ್ದುಕೊಂಡು ಸುಮ್ಮನೆ ಹೆಸರು ನೋಂದಾಯಿಸಿ ಪರೀಕ್ಷೆಗೆ ಮಾತ್ರ ಹೋಗುವ ಹಳೆಯ ಪದ್ಧತಿಗೆ ಈಗ ಜಾಗವಿಲ್ಲ. ಪ್ರತಿ ವಿಷಯದಲ್ಲಿ ಶೇ 70 ಹಾಜರಾತಿ ಬೇಕೆಂಬುದು ಪರಿಷತ್ತಿನ ನಿಯಮ. ಈ ಘೋಷಣೆಗಳಲ್ಲಿ ಮುಚ್ಚಿಟ್ಟದ್ದು ಪದವಿಯ ಕೊನೆಯಲ್ಲಿ, ವಕೀಲರಾಗಿ ನೋಂದಾಯಿಸುವ ಹೊತ್ತಿಗೆ ಎದುರಾಗುತ್ತದೆ.

ಶುಲ್ಕದ ವಿವರವನ್ನು ಬಾಯಿಮಾತಿನಲ್ಲಿ ಕೇಳಿ ಒಪ್ಪಬಾರದು. ಬೋಧನಾ ಶುಲ್ಕ, ವಿಶ್ವವಿದ್ಯಾಲಯದ ಶುಲ್ಕ, ಕಾಲೇಜಿನ ಇತರ ಶುಲ್ಕ ಎಂದು ಬಿಡಿಸಿ ಬರೆದ ಪಟ್ಟಿಯನ್ನು ಪಡೆದು, ಐದು ವರ್ಷಗಳ ಒಟ್ಟು ಮೊತ್ತವನ್ನು ಲೆಕ್ಕ ಹಾಕಿ, ಕಟ್ಟಿದ ಪ್ರತಿ ರೂಪಾಯಿಗೂ ರಸೀದಿ ಪಡೆಯಬೇಕು. ಅಂಕಪಟ್ಟಿಗಳ ಮೂಲಪ್ರತಿಗಳನ್ನು ಪರಿಶೀಲಿಸಿ ಹಿಂತಿರುಗಿಸಬೇಕೆಂದೂ, ಸಂಸ್ಥೆಗಳು ತಮ್ಮಲ್ಲಿ ಇರಿಸಿಕೊಳ್ಳಬಾರದೆಂದೂ ವಿಶ್ವವಿದ್ಯಾಲಯ ಅನುದಾನ ಆಯೋಗ 2018ರಲ್ಲಿಯೇ ಹೇಳಿದೆ. ವರ್ಗಾವಣೆ ಪತ್ರ ಮಾತ್ರ ಕಾಲೇಜಿನಲ್ಲಿ ಉಳಿಯುತ್ತದೆ. ಕೊಡುವ ಮೊದಲು ಅದರ ಎರಡು ಮೂರು ಪ್ರತಿಗಳನ್ನು ತೆಗೆದಿಡಿ. ರ‍್ಯಾಗಿಂಗ್ ವಿರೋಧಿ ಮುಚ್ಚಳಿಕೆಯನ್ನು ವಿದ್ಯಾರ್ಥಿ ಮತ್ತು ಪಾಲಕರಿಬ್ಬರೂ ಆಯೋಗದ ಜಾಲತಾಣದಲ್ಲಿ ಸಲ್ಲಿಸಬೇಕು.

ಊರಿನ ಕಾಲೇಜಿಗೆ ಸೇರಿದ ಮೇಲೆ ಕ್ಲಾಟ್‌ನ ಕೊನೆಯ ಸುತ್ತುಗಳಲ್ಲಿ ಸೀಟು ಬಂದರೆ ಏನು ಮಾಡುವುದೆಂಬ ಪ್ರಶ್ನೆ ಪ್ರತಿ ವರ್ಷ ಕೆಲವರಿಗಾದರೂ ಎದುರಾಗುತ್ತದೆ. ಅದು ವರ್ಗಾವಣೆಯಲ್ಲ, ಮೊದಲ ವರ್ಷಕ್ಕೆ ಹೊಸ ಪ್ರವೇಶ. ಸೀಟು ಒಪ್ಪಿಕೊಳ್ಳುವ ಗಡುವು ಬಹಳ ಚಿಕ್ಕದಾಗಿರುವುದರಿಂದ ಮೊದಲು ಅಲ್ಲಿಯ ಹಣ ಕಟ್ಟಿ ಸೀಟನ್ನು ಭದ್ರಪಡಿಸಿಕೊಳ್ಳಬೇಕು. ಆ ಬಳಿಕ ಊರಿನ ಕಾಲೇಜಿನ ಪ್ರಾಂಶುಪಾಲರಿಗೆ ಪ್ರವೇಶ ರದ್ದುಪಡಿಸುವಂತೆ ದಿನಾಂಕ ಹಾಕಿದ ಪತ್ರ ಕೊಟ್ಟು, ಅದರ ಪ್ರತಿಯ ಮೇಲೆ ಕಚೇರಿಯ ಸ್ವೀಕೃತಿ ಮೊಹರು ಹಾಕಿಸಿಕೊಂಡು, ವರ್ಗಾವಣೆ ಪತ್ರವನ್ನೂ ಶುಲ್ಕದ ಮರುಪಾವತಿಯನ್ನೂ ಲಿಖಿತವಾಗಿಯೇ ಕೇಳಬೇಕು. ಎಷ್ಟು ಹಣ ಮರಳುತ್ತದೆಂಬುದು ಈ ಪತ್ರ ಕೊಟ್ಟ ದಿನಾಂಕವನ್ನು ಅವಲಂಬಿಸಿರುವುದರಿಂದ, ಬಿಡುವುದೆಂದು ನಿರ್ಧಾರವಾದ ದಿನವೇ ಆ ಪತ್ರ ಕಚೇರಿಗೆ ತಲುಪಬೇಕು.